ಕಂಪ್ಯೂಟರಿನ ಶ್ರುತಿಗೆ ಅರ ಹಾಕಿದ ಹಾರ್ಮೋನಿಯಂ

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಕಣ್ಣಿನ ಆಪರೇಷನ್ ಮುಗಿಯಲಿ ಅಂದೆ, ಮುಗಿಯಿತು. ಮಗಳ ಮನೆಯ ಗೃಹಪ್ರವೇಶ ಆಗಲಿ ಅಂದೆ, ಆಯಿತು. ಆಮೇಲೆ ನೆಪ ಹುಡುಕುವುದಕ್ಕೇ ನಾಚಿಕೆಯಾಗತೊಡಗಿತು. ಒಂದು ದಿನ ಹೆಂಡತಿ ಗೌರಮ್ಮ ಕಾಫಿ ಲೋಟ ಇಡುತ್ತಾ, "ಬರೀತೀನಿ ಬರೀತೀನಿ ಅಂತ ಆ ಪೆನ್ನಿಗೇ ವಯಸ್ಸಾತು ನೋಡ್ರಿ" ಅಂದಳು. ಅವಳಿಗೂ ಪೂರ್ತಿ ವಿಷಯ ಗೊತ್ತಿಲ್ಲ. ಇದನ್ನು ಓದಿದಾಗಲೇ ಗೊತ್ತಾಗುತ್ತದೆ.

ಮನೆಯ ಕಂಪ್ಯೂಟರಿನಲ್ಲಿ ಹಾಡಿಗೆ ಸಂಗೀತ ಕಟ್ಟುವುದು ನನ್ನ ಕೆಲಸವಾಗಿತ್ತು. ಚಿತ್ರದುರ್ಗದಲ್ಲಿ ನಾವಿದ್ದ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ, ಗೋಡೆಗೆ ಹಳೆಯ ಕಂಬಳಿ ಹೊಡೆದು, ಫ್ಯಾನ್ ಆರಿಸಿ ಬೆವರುತ್ತಾ ಕೂತು ನನ್ನ ದುಡಿಮೆಯ ಹೆಚ್ಚಿನ ಕಾಲವನ್ನು ಕಳೆದೆ. ಈಗ ಈ ಕೆಲಸಕ್ಕೆ ಬರುವವರು, ಸಾಫ್ಟ್‌ವೇರಿನ ಗುಣವೇನು, ಕಾಟವೇನು ಎಂದು ನನ್ನನ್ನು ಕೇಳುತ್ತಾರೆ. ಎರಡನ್ನೂ ಹೇಳುತ್ತೇನೆ. ಆದರೆ ಅದನ್ನು ಹೇಳುವಾಗ ಒಬ್ಬ ಹಾರ್ಮೋನಿಯಂ ಮೇಷ್ಟ್ರ ವಿಷಯ ಹೇಳದೆ ದಾರಿಯಿಲ್ಲ. ನನ್ನ ಒಂದು ಸುಳ್ಳನ್ನು ನಂಬಿ ಅವರು ತಮ್ಮ ಹಾರ್ಮೋನಿಯಂ ಅನ್ನು ತಮ್ಮ ಕೈಯಾರೆ ಹಾಳುಮಾಡಿಕೊಂಡರು. ಅವರ ಹೆಸರನ್ನು ಇಲ್ಲಿ, ಶುರುವಿನಲ್ಲೇ ಬರೆಯಲು ಕೈ ಏಳುತ್ತಿಲ್ಲ. ಸದ್ಯಕ್ಕೆ ಮೇಷ್ಟ್ರು ಎಂದೇ ಕರೆಯುತ್ತೇನೆ.

ನಾನು ಹೊಸದುರ್ಗದ ಕಡೆಯವನು. ಎಸ್ಸೆಸ್ಸೆಲ್ಸಿ ಆದ ಮೇಲೆ ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿಕೊಂಡಿದ್ದೆ. ನಂತರ ಚಿತ್ರದುರ್ಗದಲ್ಲಿ ಭಕ್ತಿಗೀತೆಗಳ ಕ್ಯಾಸೆಟ್ ಮಾಡುತ್ತಿದ್ದವರೊಬ್ಬರ ಕೈಕೆಳಗೆ ಸೇರಿದೆ. ಆ ಮಾಲೀಕರು ಕೆಲಸದಲ್ಲಿ ಬಹಳ ಬಿಗಿ. ವೈರನ್ನು ಸುತ್ತಿಡುವ ರೀತಿ ತಪ್ಪಿದರೆ ಬಿಚ್ಚಿಸಿ ಮತ್ತೆ ಸುತ್ತಿಸುತ್ತಿದ್ದರು. ಮೈಕ್ ಎಲ್ಲಿಡಬೇಕು, ಹಾಡುವವರ ಉಸಿರು ಎಲ್ಲಿ ಬಡಿಯಬಾರದು ಎಂಬುದನ್ನೆಲ್ಲ ಅವರಿಂದಲೇ ಕಲಿತೆ. ಅವರ ಬಳಿಗೆ ಮೊದಲ ಕಂಪ್ಯೂಟರ್ ಬಂದಾಗ ಇನ್ನೊಂದನ್ನೂ ಕಲಿಸಿದರು.

"ಲೇ ತಿಪ್ಪಣ್ಣ, ಕಂಪ್ಯೂಟರ್ ತಪ್ಪು ಮಾಡ್ತು ಅಂತ ಗಿರಾಕಿ ಮುಂದೆ ಯಾವತ್ತೂ ಬಾಯಿ ಬಿಡಬ್ಯಾಡ. ಕಂಪ್ಯೂಟರ್ ತಪ್ಪು ಮಾಡಾಕಿಲ್ಲ ಅಂತ ಜನ ನಂಬ್ಯಾರೆ. ಅದೇ ನಮ್ಮ ಬಂಡವಾಳ."

ಕ್ಯಾಸೆಟ್ ಕಾಲ ಮುಗಿದು ಅವರು ಅಂಗಡಿ ಮುಚ್ಚಿದರು. ನಾನು ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡೆ. ಸಾಫ್ಟ್‌ವೇರ್ ಕೊಂಡದ್ದಲ್ಲ, ಗೆಳೆಯನೊಬ್ಬ ಸಿಡಿಯಲ್ಲಿ ಕಾಪಿ ಮಾಡಿಕೊಟ್ಟದ್ದು. ಅದು ಮನಸ್ಸು ಬಂದಾಗ ತೆರೆದುಕೊಳ್ಳುತ್ತಿತ್ತು, ಇಲ್ಲದಿದ್ದರೆ ಪರದೆಯ ಮೇಲೆ ಏನೋ ಇಂಗ್ಲಿಷಿನಲ್ಲಿ ಬೈದು ಮುಚ್ಚಿಕೊಳ್ಳುತ್ತಿತ್ತು.

ಮೊದಲ ಕಾಟ ಕೊಟ್ಟದ್ದು ತಡವಾಗಿ ಬರುವ ಸದ್ದು. ಹಾಡುವವರು ಮೈಕಿನಲ್ಲಿ ಹಾಡಿದ್ದು ಕಂಪ್ಯೂಟರಿನ ಒಳಗೆ ಹೋಗಿ, ಸುತ್ತಿ, ಅವರ ಕಿವಿಯ ಹೆಡ್‌ಫೋನಿಗೆ ಚೂರು ತಡವಾಗಿ ವಾಪಸ್ ಬರುತ್ತಿತ್ತು. ಮದಕರಿಪುರದ ಭಜನೆ ಮೇಳದವರೊಬ್ಬರು ಎರಡು ಸಾಲು ಹಾಡಿ ಹೆಡ್‌ಫೋನ್ ಕಿತ್ತಿಟ್ಟರು.

"ಅಣ್ಣ, ಕಿವಿಯಾಗೆ ನನ್ನ ಹಿಂದೇ ಯಾರೋ ಅಣಕುಸ್ತಾವ್ರೆ."

"ಯಾರೂ ಅಣಕಿಸ್ತಿಲ್ಲ. ನೀವೇ ತಾಳ ಬಿಡ್ತಿದೀರ. ಸರಿಯಾಗಿ ಹಾಡ್ರಿ" ಎಂದು ಗದರಿದೆ.

ಆ ಮನುಷ್ಯ ಊರಲ್ಲಿ ಇಪ್ಪತ್ತು ಜನರನ್ನು ತಾಳಕ್ಕೆ ಹಿಡಿದು ನಡೆಸುತ್ತಿದ್ದವರು. ನನ್ನ ಕೋಣೆಯಲ್ಲಿ ತಲೆ ತಗ್ಗಿಸಿ, "ನಾಳೆ ಬತ್ತೀನಿ ಬಿಡ್ರಿ" ಎಂದು ಎದ್ದು ಹೋದರು. ಮತ್ತೆ ಬರಲಿಲ್ಲ. ಸಾಫ್ಟ್‌ವೇರಿನಲ್ಲಿ ಒಂದು ಕಡೆ ಸೆಟ್ಟಿಂಗ್ ಸರಿಪಡಿಸಿದರೆ ಆ ತಡ ಹೋಗುತ್ತದೆಂದು ನನಗೆ ತಿಳಿದದ್ದು ಆಮೇಲೆ. ತಿಳಿದ ಮೇಲೆ ಮದಕರಿಪುರಕ್ಕೆ ಹೋಗಿ ಹೇಳಿದೆನೇ? ಇಲ್ಲ. ಸೈಕಲ್ಲಿನಲ್ಲಿ ಹೋಗಿಬರುವಷ್ಟು ಹತ್ತಿರದ ಊರು ಅದು. ಸುಳ್ಳು ಹೇಳುವ ಅಭ್ಯಾಸ ಅಲ್ಲಿ ಶುರುವಾಯಿತೆಂದು ಈಗ ಅನ್ನಿಸುತ್ತದೆ.

ಗುಣಗಳೂ ಇದ್ದವು, ಇಲ್ಲದಿದ್ದರೆ ಯಾರು ಅದರ ಮುಂದೆ ಹಾಗೆ ಕೂರುತ್ತಿದ್ದರು? ಪಿಟೀಲು ಹಿಡಿಯಲು ಬಾರದ ನಾನು ಪಿಟೀಲಿನ ಗುಂಪನ್ನೇ ಕೂರಿಸಬಲ್ಲೆ. ಬೆರಳು ತಪ್ಪಾಗಿ ಬಿದ್ದರೆ ಆ ಒಂದು ಸ್ವರವನ್ನು ಮೌಸಿನಿಂದ ಹಿಡಿದು ಸರಿಯಾದ ಜಾಗಕ್ಕೆ ಎಳೆಯಬಹುದು. ಮನಸ್ಸಿಗೆ ಬರದಿದ್ದರೆ ಮಾಡಿದ್ದನ್ನೆಲ್ಲ ಹಿಂದಕ್ಕೆ ತಿರುಗಿಸಬಹುದು. ಎಲ್ಲಕ್ಕಿಂತ ದೊಡ್ಡದು ಶ್ರುತಿ ಬದಲಿಸುವುದು. ಹೊಳಲ್ಕೆರೆಯ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಪ್ರಾರ್ಥನೆ ಹಾಡು ಮಾಡಿಕೊಟ್ಟಿದ್ದೆ. ಹಿಂದಿನ ದಿನ ಮುಖ್ಯ ಹಾಡುಗಾರ್ತಿಗೆ ಗಂಟಲು ಕಟ್ಟಿತು. ಮೇಡಂ ಅಳುವ ಮುಖ ಮಾಡಿಕೊಂಡು ಬಂದರು. ನಾನು ಕುರ್ಚಿಯಿಂದ ಏಳದೆ ಇಡೀ ಹಾಡನ್ನು ಎರಡು ಮನೆ ಕೆಳಗಿಳಿಸಿಕೊಟ್ಟೆ. ಹಾರ್ಮೋನಿಯಮ್ಮಿನ ಒಂದು ಕೀಲಿಯಿಂದ ಪಕ್ಕದ ಕೀಲಿಗೆ ಇರುವ ದೂರವನ್ನು ನಾವು ಒಂದು ಮನೆ ಅನ್ನುತ್ತೇವೆ.

"ಅಷ್ಟು ಸುಲಭಾನಾ ಸಾರ್?" ಅಂದರು ಮೇಡಂ.

"ಅಷ್ಟೇ ಮೇಡಂ" ಅಂದೆ, ಕಾಲ ಮೇಲೆ ಕಾಲು ಹಾಕಿಕೊಂಡು.

ಓದುವವರು ಈ ಮಾತನ್ನು ಮರೆಯಬೇಡಿ.

ನಮ್ಮ ಕಡೆ ಹಳ್ಳಿಯವರೇ ಬಣ್ಣ ಹಚ್ಚಿ ಪೌರಾಣಿಕ ನಾಟಕ ಆಡುತ್ತಾರೆ. ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಒಬ್ಬ ಮೇಷ್ಟ್ರನ್ನು ಕರೆಸುತ್ತಾರೆ. ಅವರು ಕಾಲಿನಿಂದ ಒತ್ತಿ ಗಾಳಿ ತುಂಬುವ ದೊಡ್ಡ ಹಾರ್ಮೋನಿಯಮ್ಮಿನೊಂದಿಗೆ ಬಂದು ಊರಲ್ಲೇ ಉಳಿದು ಮಾತು, ಹಾಡು ಎಲ್ಲವನ್ನೂ ಬಾಯಿಪಾಠ ಮಾಡಿಸುತ್ತಾರೆ. ಆ ಹಾರ್ಮೋನಿಯಮ್ಮಿಗೆ ಎಲ್ಲರೂ ಪೆಟ್ಟಿಗೆ ಎನ್ನುತ್ತಾರೆ.

ಹಿರಿಯೂರು ತಾಲ್ಲೂಕಿನಲ್ಲಿ ಹರಿಯಬ್ಬೆಯ ಆಚೆ ಕುರಿಗಾರರ ಒಂದು ಹಟ್ಟಿ. ಅಲ್ಲಿ ನಾಟಕ ಕಟ್ಟಿದವನು ಕ್ಯಾತಣ್ಣ, ದೊರೆಯ ಪಾತ್ರವೂ ಅವನದೇ. ಹಗಲೆಲ್ಲ ಕುರಿ ಹಿಂದೆ ಹಾಡಿಕೊಂಡು ಹೋಗುತ್ತಿದ್ದ. "ನನ್ನ ಹಾಡು ಕೇಳಿ ಕುರಿ ಮೇಯೋದೇ ಬಿಟ್ಟವೆ ತಿಪ್ಪಣ್ಣ, ಜನ ಏನ್ ಮಾಡ್ತಾರೋ" ಎಂದು ನಗುತ್ತಿದ್ದ. ಪಕ್ಕದ ಊರಿನ ನಾಟಕದಲ್ಲಿ ಕಂಪ್ಯೂಟರ್ ಸಂಗೀತ ಕೇಳಿದ್ದ ಅವನಿಗೆ, ತಮ್ಮಲ್ಲೂ ಪೆಟ್ಟಿಗೆಯ ಜೊತೆಗೆ ಅದು ಬೇಕೆಂದು ಆಸೆಯಾಗಿತ್ತು. ಹಾಡುಗಳಿಗೆ ನನ್ನ ಸಂಗೀತ, ಅದರ ಜೊತೆಗೇ ಮೇಷ್ಟ್ರ ಪೆಟ್ಟಿಗೆ. ತಾಳವಿಲ್ಲದೆ ಎಳೆದು ಹಾಡುವ ಪದ್ಯಗಳಿಗೆ ಪೆಟ್ಟಿಗೆ ಒಂದೇ.

ಅಲ್ಲಿ ನಾಟಕ ಕಲಿಸುತ್ತಿದ್ದ ಮೇಷ್ಟ್ರು ಫೋನಿನಲ್ಲಿ ಸಿಕ್ಕರು. ಧರ್ಮಪುರದವರು, ನನಗಿಂತ ಬಹಳ ಹಿರಿಯರು, ಮೆಲ್ಲಗೆ ಮಾತಾಡುವವರು.

"ಯಾವ ಶ್ರುತಿ ಮೇಷ್ಟ್ರೇ?"

"ಕಪ್ಪು ಎರಡಪ್ಪ." ಕಪ್ಪು ಕೀಲಿಗಳಲ್ಲಿ ಎರಡನೆಯದು ಎಂದರ್ಥ. "ಆದ್ರೂ ಒಂದ್ ಸಲ ಬಂದು ಪೆಟ್ಟಿಗೆ ಕೇಳ್ಕಂಡು ಹೋಗು. ನಮ್ ಗುರುಗಳು ಕೊಟ್ಟಿದ್ದು. ಹಳೇ ಪೆಟ್ಟಿಗೆ, ಅದರ ಸ್ವಭಾವ ಒಂಚೂರು ಬ್ಯಾರೆ."

"ಕಪ್ಪು ಎರಡು ಎಲ್ಲಿದ್ರೂ ಕಪ್ಪು ಎರಡೇ ಬಿಡ್ರಿ ಮೇಷ್ಟ್ರೇ" ಎಂದು ನಕ್ಕೆ.

ಹಟ್ಟಿ ತಲುಪಲು ಹಿರಿಯೂರಿಗೆ ಹೋಗಿ, ಅಲ್ಲಿಂದ ಧರ್ಮಪುರದ ಬಸ್ಸಿಗೆ ಕಾದು, ಕ್ರಾಸಿನಲ್ಲಿ ಇಳಿದು ನಡೆಯಬೇಕಿತ್ತು. ಅಷ್ಟು ಸೋಮಾರಿತನಕ್ಕೆ ಎಲ್ಲ ಆಯಿತು. ಹಳೆಯ ಪೆಟ್ಟಿಗೆಗಳೆಲ್ಲ ಒಂದೇ ಅಳತೆಗೆ ಮಾಡಿದವಲ್ಲ. ಅವುಗಳ ಕಪ್ಪು ಎರಡು ಕಂಪ್ಯೂಟರಿನ ಕಪ್ಪು ಎರಡಕ್ಕಿಂತ ಮೇಲೋ ಕೆಳಗೋ ಇರಬಹುದು. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ನೆನಪು ಮಾಡಿಕೊಳ್ಳಲಿಲ್ಲ ಅಷ್ಟೆ.

ಹಾಡುಗಳನ್ನು ಚೆನ್ನಾಗಿಯೇ ಕಟ್ಟಿದೆ. ನನ್ನ ಹಳೆಯ ಕಂಪ್ಯೂಟರಿಗೆ ಅಷ್ಟು ವಾದ್ಯಗಳನ್ನು ಒಟ್ಟಿಗೆ ಹೊರುವ ಶಕ್ತಿ ಇರಲಿಲ್ಲ. ಒಂದೊಂದನ್ನೇ ಮುಗಿಸಿ, ಕೊನೆಗೆ ಎಲ್ಲವನ್ನೂ ಬೆರೆಸಿ ಸಿಡಿಗೆ ಹಾಕಿದೆ. ಬೆರೆಸಿದ ಮೇಲೆ ಅದು ಬೆಂದ ಸಾರಿನ ಹಾಗೆ. ಹುಳಿಯನ್ನು ಬೇರೆ, ಖಾರವನ್ನು ಬೇರೆ ತೆಗೆಯಲಾಗುವುದಿಲ್ಲ. ಏನಾದರೂ ಬದಲಿಸಬೇಕಾದರೆ ಬೆರೆಸುವ ಮೊದಲಿನ ಮೂಲ ಫೈಲುಗಳು ಬೇಕು. ಆ ಫೈಲುಗಳನ್ನು ನಾನು ಇನ್ನೊಂದು ಕಡೆ ಉಳಿಸಿರಲಿಲ್ಲ. ಸಿಡಿ ಮಾಡಿದ ಮಾರನೆಯ ದಿನ ಕೆಲಸದ ಮಧ್ಯೆ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಕಂಪ್ಯೂಟರ್ ಮತ್ತೆ ಹತ್ತಿಕೊಳ್ಳಲಿಲ್ಲ. ರಿಪೇರಿಯವನು ಹಾರ್ಡ್ ಡಿಸ್ಕಿಗೆ ಕಿವಿಯಿಟ್ಟು, "ಒಳಗೆ ಟಿಕ್ ಟಿಕ್ ಅಂತೈತಣ್ಣ. ಮುಗೀತು ಇದರ ಕಥೆ" ಅಂದ.

ಸಿಡಿ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಯಾರಿಗೂ ಹೇಳಲಿಲ್ಲ. ಹೊಸ ಡಿಸ್ಕ್ ಹಾಕಿಸಿ, ಒಂದು ಹಳೆಯ ಲ್ಯಾಪ್‌ಟಾಪ್ ಹೊಂದಿಸಿಕೊಂಡು, ಆ ಭಾನುವಾರ ಹಟ್ಟಿಗೆ ಹೋದೆ.

ಗುಡಿಯ ಮುಂದಿನ ಚಪ್ಪರದಲ್ಲಿ ಎಲ್ಲರೂ ಸೇರಿದ್ದರು. ಮೇಷ್ಟ್ರು ಪೆಟ್ಟಿಗೆಯ ಮುಂದೆ ಕೂತಿದ್ದರು. ತೆಳ್ಳಗಿನ ಮನುಷ್ಯ, ಬಿಳಿ ಪಂಚೆ, ಕಾಲರಿಲ್ಲದ ಅಂಗಿ. "ಬರ್ರಿ, ಕುಂತ್ಕಳ್ರಿ" ಎಂದು ಚಾಪೆ ತೋರಿಸಿದರು. ಕ್ಯಾತಣ್ಣ ಎದೆಯುಬ್ಬಿಸಿ ನಿಂತ. ಮೇಷ್ಟ್ರು ಶ್ರುತಿ ಹಿಡಿದರು. ನಾನು ಹಾಡು ಹಚ್ಚಿದೆ.

ಮೊದಲ ಸ್ವರದಲ್ಲೇ ಎರಡೂ ಒಂದನ್ನೊಂದು ಕಚ್ಚಿದವು. ಪೆಟ್ಟಿಗೆ ಅರ್ಧ ಮನೆಯಷ್ಟು ಕೆಳಗಿತ್ತು. ಒಂದು ಮನೆ ಇದ್ದಿದ್ದರೆ ಮೇಷ್ಟ್ರು ಪಕ್ಕದ ಕೀಲಿಗೆ ಬೆರಳು ಸರಿಸಿ ನುಡಿಸುತ್ತಿದ್ದರು. ಅರ್ಧ ಮನೆಗೆ ಕೀಲಿ ಇಲ್ಲ. ಚಪ್ಪರದಲ್ಲಿ ಕೂತಿದ್ದ ಮುದುಕಿಯೊಬ್ಬಳು ಕಿವಿ ಮುಚ್ಚಿಕೊಂಡಳು. ಕ್ಯಾತಣ್ಣ ಎರಡರಲ್ಲಿ ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ಬಾಯಿ ತೆರೆದು ನಿಂತ.

"ನಿಲ್ಸಪ್ಪ ನಿಲ್ಸು" ಎಂದರು ಮೇಷ್ಟ್ರು. ಪೆಟ್ಟಿಗೆಯಲ್ಲಿ ಒಂದು ಸ್ವರ ಒತ್ತಿ, ನನ್ನ ಕಡೆ ನೋಡಿದರು. "ಒಂಚೂರು ಇಳಿಸ್ತೀಯಾ? ಇವರು ನಾಕ್ ತಿಂಗಳಿಂದ ಇದಕ್ಕೇ ಕಲ್ತಾವ್ರೆ."

ಎಲ್ಲರ ಕಣ್ಣು ನನ್ನ ಮೇಲೆ. ಮೂಲ ಫೈಲು ಇದ್ದಿದ್ದರೆ ಹೊಳಲ್ಕೆರೆಯ ಮೇಡಂ ಮುಂದೆ ಮಾಡಿದ ಹಾಗೆ ಅಲ್ಲೇ ಇಳಿಸಿಕೊಡಬಹುದಿತ್ತು. ಬೆರೆಸಿದ ಹಾಡನ್ನೇ ಇಳಿಸುವ ದಾರಿಯೂ ಸಾಫ್ಟ್‌ವೇರಿನಲ್ಲಿತ್ತು. ಆದರೆ ಆಗಿನ ಸಾಫ್ಟ್‌ವೇರಿನಲ್ಲಿ ಹಾಗೆ ಮಾಡಿದರೆ ವಾದ್ಯಗಳು ನೀರೊಳಗಿಂದ ನುಡಿದಂತೆ ಕೇಳುತ್ತಿದ್ದವು. ಚಿತ್ರದುರ್ಗದಿಂದ ಬಂದ ಕಂಪ್ಯೂಟರಿನವನ ಸಂಗೀತ ಹೀಗಾ ಎಂದು ಜನ ನಗುತ್ತಾರೆ. ಫೈಲು ಕಳೆದುಕೊಂಡೆ ಎಂದರೆ ಕೆಲಸಕ್ಕೆ ಬಾರದವನು ಎನ್ನುತ್ತಾರೆ. ಇಷ್ಟೂ ಒಂದು ಉಸಿರಿನಲ್ಲಿ ತಲೆಯೊಳಗೆ ಓಡಿತು.

"ಕಂಪ್ಯೂಟರ್ ಶ್ರುತಿ ಸರಿಯಾಗೇ ಐತೆ ಮೇಷ್ಟ್ರೇ" ಅಂದೆ. "ನಿಮ್ಮ ಪೆಟ್ಟಿಗೇದೇ ತಪ್ಪು."



ಮೇಷ್ಟ್ರು ಕೋಪ ಮಾಡಿಕೊಳ್ಳಲಿಲ್ಲ. "ಆ ಕಂಪ್ಯೂಟರಿನ ಶ್ರುತಿ ಯಾರಪ್ಪ ಇಟ್ಟಿದ್ದು?" ಎಂದು ಕೇಳಿದರು.

ವ್ಯಂಗ್ಯದ ಪ್ರಶ್ನೆಯಲ್ಲ, ತಿಳಿದುಕೊಳ್ಳಲು ಕೇಳಿದ್ದು. ಅದು ಬರೀ ಒಂದು ಅಂಕಿ, ನಮಗೆ ಬೇಕಾದ ಹಾಗೆ ಏರಿಸಬಹುದು, ಇಳಿಸಬಹುದು ಎಂಬುದು ನಿಜವಾದ ಉತ್ತರ.

"ಅದು ತಯಾರಾಗುವಾಗಲೇ ಬಂದಿರ್ತೈತೆ ಮೇಷ್ಟ್ರೇ. ಬದಲಾಗಲ್ಲ" ಅಂದೆ.

ಕ್ಯಾತಣ್ಣನೇ ಮೊದಲು ಮಾತಾಡಿದ. "ಕಂಪ್ಯೂಟರ್ ಎಲ್ಲಾದ್ರೂ ತಪ್ಪು ಮಾಡ್ತೈತಾ ಮೇಷ್ಟ್ರೇ? ನಿಮ್ ಪೆಟ್ಟಿಗೇಗೂ ವಯಸ್ಸಾತು, ಅಷ್ಟೇಯ." ಅವನು ಅದನ್ನು ಪ್ರೀತಿಯಿಂದಲೇ ಹೇಳಿದ. ಯಾರೋ ನಕ್ಕರು. ಮೇಷ್ಟ್ರೂ ನಕ್ಕರು. ಮಾಲೀಕರು ಹೇಳಿದ್ದ ಬಂಡವಾಳ ಆವತ್ತು ನನ್ನನ್ನು ಉಳಿಸಿತು.

"ಹಂಗಾದ್ರೆ ಪೆಟ್ಟಿಗೇನೇ ಏರಿಸಾಣ" ಅಂದರು ಮೇಷ್ಟ್ರು. "ನಾಟಕ ಹತ್ರ ಬಂತು. ಹುಡುಗ್ರು ಪಾತ್ರಕ್ಕೆ ಆಸೆ ಇಟ್ಕಂಡಾವ್ರೆ. ಮುಂದಿನ ಭಾನುವಾರ ನೀನೂ ಬಾರಪ್ಪ. ನಿನ್ ಕಂಪ್ಯೂಟರಾಗೆ ಒಂದೊಂದೇ ಸ್ವರ ಹಿಡ್ಕಂಡಿರು, ನಾನು ಅರ ಹಾಕ್ತೀನಿ."

ಹಾರ್ಮೋನಿಯಮ್ಮಿನ ಒಳಗೆ ಪ್ರತಿ ಸ್ವರಕ್ಕೂ ತೆಳುವಾದ ಹಿತ್ತಾಳೆ ಪಟ್ಟಿ ಇರುತ್ತದೆ. ಅದಕ್ಕೆ ರೀಡು ಎನ್ನುತ್ತಾರೆ. ಗಾಳಿ ಬಡಿದಾಗ ಅದು ನಡುಗಿ ನುಡಿಯುತ್ತದೆ. ಅದರ ತುದಿಯನ್ನು ಅರದಿಂದ ಉಜ್ಜಿ ತೆಳ್ಳಗೆ ಮಾಡಿದರೆ ಸ್ವರ ಮೇಲೇರುತ್ತದೆ. ಒಂದು ಕೂದಲೆಳೆ ಏರಿಸುವುದು ಬೇರೆ, ಅರ್ಧ ಮನೆ ಏರಿಸುವುದು ಬೇರೆ. ಅಷ್ಟು ಉಜ್ಜಿದರೆ ಹಳೆಯ ರೀಡು ನಿಲ್ಲುವುದು ಅನುಮಾನ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಭಾನುವಾರ ಹೋಗಬಾರದಿತ್ತು, ಹೋದೆ. ಹೋಗಿ ನಿಜ ಹೇಳಿಬಿಡೋಣ ಎಂದು ಹಿರಿಯೂರು ದಾಟುವವರೆಗೂ ಅಂದುಕೊಂಡಿದ್ದೆ. ಚಪ್ಪರ ತಲುಪಿದಾಗ ಪೆಟ್ಟಿಗೆಯನ್ನು ಆಗಲೇ ಬಿಚ್ಚಿದ್ದರು. ರೀಡುಗಳ ಹಲಗೆ ಅವರ ತೊಡೆಯ ಮೇಲಿತ್ತು. ಪಕ್ಕದಲ್ಲಿ ಸಣ್ಣ ಅರ, ಒಂದು ಬ್ಲೇಡು, ಒಂದು ತುಂಡು ಬಟ್ಟೆ.

"ಹಿಡಿಯಪ್ಪ, ಸ ಹಿಡಿ."

ನಾನು ಕೀಲಿ ಒತ್ತಿದೆ. ಲ್ಯಾಪ್‌ಟಾಪಿನಿಂದ ಒಂದೇ ಸಮನೆ ಸ್ವರ ಹೊರಟಿತು. ಅವರು ರೀಡಿನ ಕೆಳಗೆ ಬ್ಲೇಡು ತೂರಿಸಿ ಎತ್ತಿಹಿಡಿದು, ಎರಡು ಸಲ ಉಜ್ಜಿ, ಬಾಯಿಂದ ಊದಿ, ಕಿವಿಯಿಟ್ಟು ಕೇಳಿದರು. ಮತ್ತೆ ಉಜ್ಜಿದರು.

"ಈಗ?"

"ಇನ್ನೂ ಚೂರು ಮೇಷ್ಟ್ರೇ."

"ಈಗ?"

"ಇನ್ನೊಂದು ಚೂರು."

ಹೀಗೆ ಒಂದೊಂದೇ ರೀಡು. ನೆರಳು ಚಪ್ಪರದ ಈ ಕಡೆಯಿಂದ ಆ ಕಡೆಗೆ ಹೋಯಿತು. ಅವರ ಪಂಚೆಯ ಮೇಲೆ ಹಿತ್ತಾಳೆಯ ಪುಡಿ ಬಿದ್ದು ಬಿಸಿಲಿಗೆ ಮಿಣಮಿಣ ಎನ್ನುತ್ತಿತ್ತು. ಪ್ರತಿ ಸಲ ಅವರು 'ಈಗ?' ಎಂದಾಗಲೂ, 'ಮೇಷ್ಟ್ರೇ, ನಿಲ್ಲಿಸ್ರಿ, ತಪ್ಪು ನಂದು' ಎನ್ನುವಷ್ಟು ಜಾಗ ಇರುತ್ತಿತ್ತು. ಪ್ರತಿ ಸಲವೂ ನಾನು 'ಇನ್ನೂ ಚೂರು' ಅಂದೆ. ಅರ್ಧ ಆದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಅರ್ಧ ರೀಡು ಉಜ್ಜಿಸಿ ಈಗ ಹೇಳುತ್ತೀಯಲ್ಲೋ ಎಂದರೆ ಏನು ಹೇಳಲಿ?

ಮಧ್ಯಾಹ್ನ ಕ್ಯಾತಣ್ಣನ ಹೆಂಡತಿ ಮುದ್ದೆ, ಹುರುಳಿಕಾಳಿನ ಸಾರು ತಂದಳು. ಮೇಷ್ಟ್ರು ಮೊದಲು ನನಗೆ ಬಡಿಸಲು ಹೇಳಿದರು. "ಪಾಪ, ನನ್ ಪೆಟ್ಟಿಗೇಗೋಸ್ಕರ ದುರ್ಗದಿಂದ ಬಂದಾನೆ."

ಸಾಫ್ಟ್‌ವೇರಿನಲ್ಲಿ ಮಾಡಿದ್ದನ್ನು ಹಿಂದಕ್ಕೆ ತಿರುಗಿಸಬಹುದು ಎಂದೆನಲ್ಲ, ರೀಡಿಗೆ ಹಾಗೆ ಇಲ್ಲ. ಉಜ್ಜಿದ ಹಿತ್ತಾಳೆ ಗಾಳಿಗೆ ಹೋಯಿತು.

ನಾಟಕ ಹಗಲಲ್ಲೇ ನಡೆಯಿತು. ರಾತ್ರಿ ಮೈಕಿಗೆ ಪರವಾನಗಿ ಸಿಗಲಿಲ್ಲವೆಂದು ಮಧ್ಯಾಹ್ನವೇ ಶುರು ಮಾಡಿದರು. ಸುತ್ತಲ ಹಟ್ಟಿಗಳಿಂದ ಜನ ಬಂದಿದ್ದರು. ವೇದಿಕೆಯ ಒಂದು ಬದಿಗೆ ಮೇಷ್ಟ್ರು, ಇನ್ನೊಂದು ಬದಿಗೆ ನಾನು. ಮೊದಲ ಹಾಡುಗಳು ದಾಟಿದವು. ಪೆಟ್ಟಿಗೆಯೂ ಕಂಪ್ಯೂಟರೂ ಹೊಂದಿಕೊಂಡು ನುಡಿದವು. ಅರ್ಧ ಮನೆ ಏರಿದ್ದರಿಂದ ಕ್ಯಾತಣ್ಣನ ಕುತ್ತಿಗೆಯ ನರ ಉಬ್ಬುತ್ತಿತ್ತು, ಆದರೂ ಹಾಡಿದ. ಜನ "ಒನ್ಸ್ ಮೋರ್" ಎಂದು ಕೂಗಿದರು. ಅಭಿಮಾನಿಯೊಬ್ಬ ಹಾಡಿನ ನಡುವೆಯೇ ವೇದಿಕೆ ಹತ್ತಿ ಹಾರ ಹಾಕಿದ. ಪೆಟ್ಟಿಗೆಯಾದರೆ ಹಾರ ಹಾಕಿ ಮುಗಿಯುವವರೆಗೆ ಕಾಯುತ್ತದೆ. ನನ್ನ ಸಂಗೀತ ಕಾಯದೆ ಮುಂದೆ ಹೋಯಿತು. ಮೇಷ್ಟ್ರು ಕ್ಯಾತಣ್ಣನಿಗೆ ಕಣ್ಣಲ್ಲೇ ಸನ್ನೆ ಮಾಡಿ, ಬಿಟ್ಟ ಸಾಲನ್ನು ದಾಟಿಸಿ, ಅವನನ್ನು ತಂದು ನನ್ನ ಸಂಗೀತಕ್ಕೆ ಸೇರಿಸಿದರು. ನನ್ನ ಮರ್ಯಾದೆ ಉಳಿಸಿದ್ದು ಅವರು.

ದೊರೆ ಮಗನನ್ನು ಕಳೆದುಕೊಂಡು ಎಳೆದು ಹಾಡುವ ಪದ್ಯ ಬಂತು. ಅದಕ್ಕೆ ಪೆಟ್ಟಿಗೆ ಒಂದೇ. ಕ್ಯಾತಣ್ಣ ಮಂಡಿಯೂರಿ ಮೊದಲ ಸಾಲು ಎತ್ತಿದ. ಪೆಟ್ಟಿಗೆಯ ಸ ಕರಕರ ಎಂದು ಒಡಕು ಸದ್ದು ಮಾಡಿ ನಿಂತಿತು. ಮೇಷ್ಟ್ರು ಥಟ್ಟನೆ ಮೇಲಿನ ಸ ಕೀಲಿಗೆ ಬೆರಳು ಹಾಕಿದರು. ಎರಡು ಸಾಲು ನಡೆಯಿತು. ಆಮೇಲೆ ಪ ಹೋಯಿತು. ಒಳಗೆ ರೀಡು ಮುರಿದು ಬಿದ್ದದ್ದು ಮೈಕಿನಲ್ಲಿ ಟಣ್ ಎಂದು ಕೇಳಿಸಿತು. ಮೇಷ್ಟ್ರ ಕಾಲು ಮಾತ್ರ ಒತ್ತುತ್ತಲೇ ಇತ್ತು. ಬೆರಳುಗಳು ಒಂದು ಕೀಲಿಯಿಂದ ಇನ್ನೊಂದಕ್ಕೆ ಓಡಾಡಿದವು. ಪೆಟ್ಟಿಗೆಯಿಂದ ಬರೀ ಗಾಳಿ ಬರುತ್ತಿತ್ತು. ಕ್ಯಾತಣ್ಣ ಶ್ರುತಿ ಕಳೆದುಕೊಂಡು, ಹಾಡು ನಿಲ್ಲಿಸಿ, ಮಂಡಿಯೂರಿದಲ್ಲಿಂದಲೇ ಮೇಷ್ಟ್ರ ಕಡೆ ತಿರುಗಿದ.

ಜನರ ಮಧ್ಯದಿಂದ ಯಾರೋ ಕೂಗಿದರು: "ಲೇ, ಆ ಪೆಟ್ಟಿಗೆ ಇಳಿಸ್ರೋ! ಕಂಪ್ಯೂಟರ್ ಹಚ್ರೋ!"

ನಗು ಎದ್ದಿತು. ಇನ್ನಷ್ಟು ಜನ ಸೇರಿ ಕೂಗಿದರು. ಮೇಷ್ಟ್ರು ಕೀಲಿಗಳಿಂದ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನನ್ನ ಕಡೆ ನೋಡಿ, 'ನೀನು ಹಿಡಿ' ಎಂಬಂತೆ ತಲೆಯಾಡಿಸಿದರು. ನಾನು ಲ್ಯಾಪ್‌ಟಾಪಿನಲ್ಲಿ ಸ ಒತ್ತಿ ಹಿಡಿದೆ. ಅದೇ ಸ. ಕ್ಯಾತಣ್ಣ ಪದ್ಯ ಮುಗಿಸಿದ. ಜನ ನನಗೆ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಪೆಟ್ಟಿಗೆಯ ಮುಚ್ಚಳ ಹಾಕಿ, ಹಿಂದಿನ ಮೆಟ್ಟಿಲಿಂದ ಇಳಿದು ಹೋದರು.

ನಾಟಕ ಮುಗಿದ ಮೇಲೆ ಬೇವಿನ ಮರದ ಕೆಳಗೆ ಸಿಕ್ಕರು. "ನೀನಿದ್ದೆ, ಮಾನ ಉಳೀತಪ್ಪ" ಅಂದರು. ನಾನು "ಪೆಟ್ಟಿಗೆಗೆ ವಯಸ್ಸಾಗಿತ್ತು ಬಿಡ್ರಿ" ಅಂದೆ. ಹೌದು, ಆಗಲೂ ಅಷ್ಟೇ ಅಂದೆ.

ಆ ಚಪ್ಪಾಳೆಯಿಂದ ನನ್ನ ಹೆಸರು ಹರಡಿತು. ಹಿರಿಯೂರು ಕಡೆಯ ಹಟ್ಟಿಗಳವರು ನಾಟಕಕ್ಕೆ ನನ್ನನ್ನೇ ಕರೆಯತೊಡಗಿದರು. ಮೇಷ್ಟ್ರಿಗೆ ಕರೆ ಬರುವುದು ನಿಂತಿತು. ಹೊಸ ರೀಡು ಹಾಕಿಸಲು ನೋಡಿದರಂತೆ, ಆ ಹಳೆಯ ಹಲಗೆಗೆ ಯಾವುದೂ ಕೂರಲಿಲ್ಲವಂತೆ. ಇದನ್ನೆಲ್ಲ ಕ್ಯಾತಣ್ಣ ಆಗಾಗ ಫೋನಿನಲ್ಲಿ ಹೇಳುತ್ತಿದ್ದ. ನಾನು ಮಾತು ಬದಲಿಸುತ್ತಿದ್ದೆ. ಧರ್ಮಪುರದ ಬಸ್ಸು ಎಷ್ಟೋ ಸಲ ಕಣ್ಣ ಮುಂದೆ ನಿಂತಿತ್ತು, ಹತ್ತಲಿಲ್ಲ.

ವರ್ಷಗಳು ಕಳೆದವು. ಸಾಫ್ಟ್‌ವೇರ್ ಬಹಳ ಬದಲಾಯಿತು. ಈಗ ಬೆರೆಸಿದ ಹಾಡಿನಿಂದ ಹಾಡುವವರ ದನಿಯನ್ನು ಬೇರೆ ಮಾಡಬಹುದು, ಕರೆಂಟು ಹೋದರೂ ಫೈಲು ತಾನಾಗಿ ಉಳಿಯುತ್ತದೆ. ಕಿವಿ ಮಂದವಾಗಿ ನಾನು ಕೆಲಸ ಬಿಡಬೇಕೆಂದಿದ್ದಾಗ ಕ್ಯಾತಣ್ಣನ ಫೋನು ಬಂತು.

"ಮೇಷ್ಟ್ರು ಹೋದ್ರು ತಿಪ್ಪಣ್ಣ. ನಿದ್ದೆಯಾಗೇ ಹೋದ್ರಂತೆ." ಆಮೇಲೆ ಹೇಳಿದ: "ನಮ್ಮ ಪ್ರಾಕ್ಟೀಸಿಂದು ಒಂದು ರೆಕಾರ್ಡ್ ಐತೆ, ಹಳೇ ಫೋನಾಗೆ ಹಿಡಿದಿದ್ದು. ನಾಯಿ ಬೊಗಳೋದು, ಗಾಳಿ, ಎಲ್ಲಾ ಸೇರೈತೆ. ಅದನ್ನ ತೆಗೆದು ಕೊಡು. ತಿಥಿ ದಿನ ಹಾಕಾಣ."

ಅದನ್ನು ಕಂಪ್ಯೂಟರಿಗೆ ಹಾಕಿ ಕೇಳಿದೆ. ನಾನು ಹಟ್ಟಿಗೆ ಕಾಲಿಡುವ ಮೊದಲಿನ ದನಿ ಅದು. ಕ್ಯಾತಣ್ಣ ಸಲೀಸಾಗಿ ಮೇಲೇರಿ ಇಳಿಯುತ್ತಿದ್ದಾನೆ, ಹಿಂದೆ ಪೆಟ್ಟಿಗೆ, ನಡುವೆ ಮೇಷ್ಟ್ರ "ಹಾ, ಹಂಗೆ, ಇನ್ನೊಂದ್ ಸಲ" ಎಂಬ ಮಾತು. ನಾಯಿಯನ್ನು ತೆಗೆದೆ, ಗಾಳಿಯನ್ನು ತೆಗೆದೆ. ಆಮೇಲೆ, ಯಾಕೋ, ಕಂಪ್ಯೂಟರಿನಲ್ಲಿ ಸ ಒತ್ತಿದೆ. ಎರಡೂ ಕಚ್ಚಿದವು, ಆವತ್ತಿನ ಹಾಗೆಯೇ. ಶ್ರುತಿಯ ಅಂಕಿ ಇರುವ ಜಾಗಕ್ಕೆ ಹೋಗಿ ಮೌಸಿನಿಂದ ಮೆಲ್ಲಗೆ ಕೆಳಗೆಳೆದೆ. ಕಚ್ಚುವುದು ನಿಧಾನವಾಗಿ, ನಿಂತೇಹೋಯಿತು. ಕಂಪ್ಯೂಟರ್ ಮೇಷ್ಟ್ರ ಪೆಟ್ಟಿಗೆಯೊಳಗೆ ಸೇರಿಕೊಂಡಿತು. ರಿ, ಗ, ಮ ಎಂದು ಒಂದೊಂದೇ ಒತ್ತಿ ನೋಡಿದೆ. ಎಲ್ಲವೂ ಹೊಂದಿದವು. ಆ ಪೆಟ್ಟಿಗೆ ಅರ್ಧ ಮನೆ ಕೆಳಗಿತ್ತು, ಅಷ್ಟೇ. ತನ್ನೊಳಗೆ ಅದರದೊಂದು ಸ್ವರವೂ ತಪ್ಪಿರಲಿಲ್ಲ.

ಫೈಲು ಉಳಿಸುವಾಗ ಸಾಫ್ಟ್‌ವೇರ್ ಹೆಸರು ಕೇಳಿತು. 'ಹಳೇ ಪೆಟ್ಟಿಗೆ' ಎಂದು ಬರೆದೆ.

ತಿಥಿಗೆ ಧರ್ಮಪುರಕ್ಕೆ ಹೋದೆ. ಪಡಸಾಲೆಯಲ್ಲಿ ಅದೇ ಪೆಟ್ಟಿಗೆ, ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಮೇಷ್ಟ್ರ ಫೋಟೋ. ಕ್ಯಾತಣ್ಣ ರೆಕಾರ್ಡ್ ಹಾಕಿದ. ಬಂದವರೆಲ್ಲ ಕೂತು ಕೇಳಿದರು. ಮೇಷ್ಟ್ರ ಹೆಂಡತಿ ನನ್ನನ್ನು ಗುರುತಿಸಿ ಹತ್ತಿರ ಬಂದರು.

"ನೀವೇ ಅಲ್ವಾ ಕಂಪ್ಯೂಟರ್ ತಿಪ್ಪಣ್ಣ? ನಿಮ್ಮನ್ನ ನೆನೆಸ್ಕಂತಾನೇ ಇದ್ರು ಕಣಪ್ಪ. 'ಪೆಟ್ಟಿಗೆ ಸರಿ ಮಾಡಾಕೆ ಬಿಸಿಲಾಗೆ ಇಡೀ ದಿನ ನನ್ ಜೊತೆ ಕುಂತಿದ್ದ, ಅಂಥಾ ಮನುಷ್ಯ ಸಿಗಲ್ಲ' ಅನ್ನೋರು."

ಕೈ ಮುಗಿದೆ. ಎಲೆಯ ಮುಂದೆ ಕೂತು ಊಟ ಮಾಡಿದೆ. ಸಂಜೆಯ ಬಸ್ಸಿಗೆ ವಾಪಸ್ ಬಂದೆ.

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದಿಷ್ಟು. ಮೂಲ ಫೈಲುಗಳನ್ನು ಎರಡು ಕಡೆ ಉಳಿಸಿ. ಯಾರ ಜೊತೆ ನುಡಿಸಬೇಕೋ ಅವರ ವಾದ್ಯವನ್ನು ಅವರ ಮುಂದೆಯೇ ಕೂತು ಕೇಳಿ, ಬಸ್ಸಿಗೆ ಕಾಯಬೇಕಾದರೂ ಸರಿ. ಇಳಿಯಬೇಕಾದಾಗ ಕಂಪ್ಯೂಟರನ್ನು ಇಳಿಸಿ, ಅದಕ್ಕೆ ನೋವಾಗುವುದಿಲ್ಲ. ಅದು ತಪ್ಪು ಮಾಡಿದರೆ, ನೀವು ತಪ್ಪು ಮಾಡಿದರೆ, ಅಲ್ಲೇ ಬಾಯಿ ಬಿಟ್ಟು ಹೇಳಿಬಿಡಿ.

ಇವತ್ತು ಬೆಳಿಗ್ಗೆ ಕಂಪ್ಯೂಟರ್ ಹಚ್ಚಿ ಆ ಫೈಲನ್ನು ಹುಡುಕಿದೆ. 'ಹಳೇ ಪೆಟ್ಟಿಗೆ' ಎಂಬುದನ್ನು ಅಳಿಸಿ, ಆವತ್ತೇ ಬರೆಯಬೇಕಾಗಿದ್ದ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಬರೆದೆ.

ಧರ್ಮಪುರದ ಓಬಳಪ್ಪ ಮೇಷ್ಟ್ರು.